ಬೆಟ್ಟದ ಮೇಲಿನ ಎರಡು ಅಕ್ಷರ

ನಮ್ಮೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಫೋಟೊ ಸ್ಟುಡಿಯೊ ಇತ್ತು. ಅದರ ಒಳಗೋಡೆಗೆ ಒಂದು ಪರದೆ. ಪರದೆಯ ಮೇಲೆ ಹಿಮ ಹೊದ್ದ ಬೆಟ್ಟಸಾಲು, ಕೆಳಗೊಂದು ಸರೋವರ, ಅದರಲ್ಲಿ ಎರಡು ಹಂಸ. ಅದನ್ನು ಬರೆದವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಕಲಾವಿದ. ಹಿಮವನ್ನು ಜನ್ಮದಲ್ಲಿ ಕಂಡವನಲ್ಲ. ಮದುವೆಯಾದ ಹೊಸ ಜೋಡಿಗಳು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರು, ಗಲ್ಫಿಗೆ ಹೊರಟವರು, ಅವರನ್ನು ಬೀಳ್ಕೊಡಲು ಬಂದ ಮನೆಮಂದಿ ಎಲ್ಲರೂ ಆ ಬೆಟ್ಟದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರೇ. ಬೆಟ್ಟಕ್ಕೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಮನುಷ್ಯರ ಹಿಂದೆ ನಿಲ್ಲುವುದಷ್ಟೇ ಅದರ ಕೆಲಸ.

ಸ್ಟುಡಿಯೊದ ಯಜಮಾನರನ್ನು ನಾವು ಮಾಮು ಎಂದು ಕರೆಯುತ್ತಿದ್ದೆವು. ಒಳಕೋಣೆಯಲ್ಲಿ ಅವರದೊಂದು ಇಳಿಜಾರು ಗಾಜಿನ ಮೇಜು. ಗಾಜಿನ ಕೆಳಗೆ ಬಲ್ಬು. ಅದರ ಮೇಲೆ ನೆಗೆಟಿವ್ ಇಟ್ಟುಕೊಂಡು ಸೂಜಿಯಂತೆ ಮೊನೆ ಮಾಡಿದ ಪೆನ್ಸಿಲಿನಿಂದ ಟಚಿಂಗ್ ಮಾಡುತ್ತಿದ್ದರು. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ ಎಲ್ಲವೂ ಆ ಪೆನ್ಸಿಲಿಗೆ ಮಾಯವಾಗುತ್ತಿದ್ದವು. ಒಮ್ಮೆ ಒಬ್ಬ ಮುದುಕಿ ಫೋಟೊ ವಾಪಸು ತಂದು ಕೌಂಟರಿನ ಮೇಲೆ ಇಟ್ಟಳು. "ಇದ್ಯಾರಪ್ಪಾ? ನಾನಲ್ಲವಲ್ಲ" ಎಂದಳು. ಮಾಮು ನಗುತ್ತಾ ಚೆನ್ನಾಗಿ ಕಾಣಲಿ ಅಂತ ಮಾಡಿದೆ ಅಮ್ಮಾ ಎಂದರು. ಮುದುಕಿ ನಗಲಿಲ್ಲ.

ಅಮೆರಿಕದ ಆನ್ಸೆಲ್ ಆಡಮ್ಸ್‌ನ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಈ ಪೆನ್ಸಿಲ್ಲಿನ ನೆನಪಾಗುತ್ತದೆ. ಆಡಮ್ಸ್ (1902-1984) ಬೆಟ್ಟಗಳ ಛಾಯಾಗ್ರಾಹಕ. ಕ್ಯಾಲಿಫೋರ್ನಿಯದ ಉದ್ದಕ್ಕೂ ಸುಮಾರು 640 ಕಿಲೋಮೀಟರು ಹಬ್ಬಿರುವ ಸಿಯೆರಾ ನೆವಾಡ ಎಂಬ ಕಡಿದಾದ ಕಲ್ಲುಬೆಟ್ಟಗಳ ಸಾಲು ಅವನ ಕರ್ಮಭೂಮಿ. 1916ರಲ್ಲಿ, ಹದಿನಾಲ್ಕರ ಹುಡುಗನಾಗಿ, ಕೈಯಲ್ಲಿ ಒಂದು ಬಾಕ್ಸ್ ಬ್ರೌನಿ ಕ್ಯಾಮೆರಾ ಹಿಡಿದು ಯೊಸೆಮಿಟಿ ಕಣಿವೆಗೆ ಹೋದವನು ಮುಂದೆ ಬದುಕಿಡೀ ಅಲ್ಲಿಗೆ ಹೋಗುತ್ತಲೇ ಇದ್ದ. ಜಗತ್ತಿನ ಯಾವ ಮೂಲೆಯಲ್ಲಾದರೂ ಕಪ್ಪುಬಿಳುಪಿನಲ್ಲಿ ಬೆಟ್ಟದ ಫೋಟೊ ತೆಗೆಯುವವರ ಬೆನ್ನ ಹಿಂದೆ ಅವನ ನೆರಳು ಇದ್ದೇ ಇರುತ್ತದೆ. ನಮ್ಮ ಕ್ಯಾಲೆಂಡರುಗಳಲ್ಲಿ, ಬ್ಯಾಂಕುಗಳ ಗೋಡೆಯಲ್ಲಿ ಕಾಣುವ ಬೆಟ್ಟಗಳು ಕೂಡ ಅವನಿಂದ ಕಲಿತ ಭಂಗಿಯಲ್ಲೇ ನಿಂತಿರುತ್ತವೆ: ಗಂಭೀರವಾಗಿ, ನಿರ್ಮಲವಾಗಿ, ಒಬ್ಬ ಮನುಷ್ಯನೂ ಇಲ್ಲದೆ.

ಅವನ ಪ್ರಸಿದ್ಧ ಚಿತ್ರಗಳಲ್ಲಿ ಒಂದು 1944ರದು. ಲೋನ್ ಪೈನ್ ಎಂಬ ಸಣ್ಣ ಊರಿನಿಂದ ಕಂಡ ಸಿಯೆರಾದ ಚಳಿಗಾಲದ ಸೂರ್ಯೋದಯ. ಮೇಲೆ ಬೆಳಗಿನ ಬಿಸಿಲಿಗೆ ಬೆಳ್ಳಗೆ ಉರಿಯುವ ಹಿಮದ ಶಿಖರಗಳು. ನಡುವೆ ಕಪ್ಪು ಗುಡ್ಡಗಳ ಒಂದು ಪಟ್ಟಿ. ಕೆಳಗೆ ಬಯಲಿನಲ್ಲಿ ಒಂದು ಬೆಳಕಿನ ಗೆರೆ, ಕೆಲವು ಮರ, ಮೇಯುತ್ತಿರುವ ಒಂದು ಒಂಟಿ ಕುದುರೆ. ಇದಕ್ಕಾಗಿ ಆಡಮ್ಸ್ ನಾಲ್ಕು ಬೆಳಗು ಬಂದು ಬರಿಗೈಲಿ ವಾಪಸಾಗಿದ್ದ. ಐದನೆಯ ದಿನ ಕೊರೆಯುವ ಚಳಿಯಲ್ಲಿ ಕಾರಿನ ಮೇಲೆ ಕಟ್ಟಿಸಿಕೊಂಡಿದ್ದ ಅಟ್ಟಣೆ ಹತ್ತಿ, ಎಂಟು ಹತ್ತು ಇಂಚಿನ ದೊಡ್ಡ ಕ್ಯಾಮೆರಾ ಹೂಡಿ ಕಾದ. ಬೆಳಕು ಬಂತು. ಆದರೆ ಕುದುರೆ ಹಿಂಭಾಗ ತೋರಿಸಿಕೊಂಡು ಮೇಯುತ್ತಿತ್ತು. ಕೊನೆಯ ಗಳಿಗೆಯಲ್ಲಿ ಅದು ಅಡ್ಡ ತಿರುಗಿತು. ಕ್ಲಿಕ್.

ಆ ಕಪ್ಪು ಗುಡ್ಡಗಳ ಮೇಲೆ ಎರಡು ಅಕ್ಷರಗಳಿದ್ದವು. ಎಲ್ ಮತ್ತು ಪಿ. ಲೋನ್ ಪೈನಿನ ಹೈಸ್ಕೂಲು ಮಕ್ಕಳು ತಮ್ಮ ಊರಿನ ಹೆಸರಿನ ಮೊದಲಕ್ಷರಗಳನ್ನು ಬಿಳಿ ಕಲ್ಲುಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು. ಆಡಮ್ಸ್ ಅವನ್ನು ಅಳಿಸಿಹಾಕಿದ. ನೆಗೆಟಿವ್‌ನಲ್ಲೂ ಮುದ್ರಣದಲ್ಲೂ ತಿದ್ದಿ ಆ ಜಾಗವನ್ನು ಗುಡ್ಡದ ಕಪ್ಪಿನಲ್ಲಿ ಕಲಸಿದ. ಇದನ್ನು ಅವನು ಮುಚ್ಚಿಟ್ಟವನೂ ಅಲ್ಲ. 1983ರಲ್ಲಿ ತನ್ನ ನಲವತ್ತು ಚಿತ್ರಗಳು ಹುಟ್ಟಿದ ಬಗೆಯನ್ನು ಹೇಳಿದ ಪುಸ್ತಕದಲ್ಲಿ ಇದನ್ನು ಬಿಚ್ಚಿ ಹೇಳಿದ್ದಾನೆ. ಕೆಲವರು ಇದಕ್ಕೆ ಆಕ್ಷೇಪಿಸಿದರೆಂದೂ, ಆದರೆ ಆ ಗಾಯದ ಗುರುತನ್ನು ಉಳಿಸಿಕೊಂಡು ದೃಶ್ಯದ ಚೆಲುವನ್ನು ಕೆಡಿಸುವ ಉತ್ಸಾಹ ತನಗಿರಲಿಲ್ಲವೆಂದೂ ಅವನ ವಾದ.

ಮೊದಲು ಅವನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಫೋಟೊ ಎಂದರೆ ಇದ್ದದ್ದು ಇದ್ದಂತೆ ಎಂಬ ಭ್ರಮೆ ಆಡಮ್ಸ್‌ಗೆ ಇರಲಿಲ್ಲ. 1927ರ ಏಪ್ರಿಲಿನಲ್ಲಿ ಅವನು ಗೆಳೆಯರೊಂದಿಗೆ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರಿನ ಕಲ್ಲುಚಾಚಿಗೆ ಹತ್ತಿದ. ಬೆನ್ನ ಮೇಲೆ ಕ್ಯಾಮೆರಾ, ಗಾಜಿನ ಪ್ಲೇಟುಗಳು. ಆ ಬಂಡೆಯ ಮುಂದೆ ನಿಂತಾಗ ಉಳಿದಿದ್ದದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಕೂಡಲೇ ಅವನಿಗೆ ಇದು ತಾನು ಕಂಡದ್ದಲ್ಲ ಅನ್ನಿಸಿತು. ಬಂಡೆ ಸಿಗುತ್ತದೆ, ಬಂಡೆಯ ಮುಂದೆ ನಿಂತಾಗ ಆದ ದಿಗಿಲು ಸಿಗುವುದಿಲ್ಲ. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ. ಆದ್ದರಿಂದ ಮುದ್ರಣದಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಹಗಲಿನ ಆಕಾಶ ಹಾಗಿರುವುದಿಲ್ಲ. ಆದರೆ ಆ ಕಪ್ಪಿನ ಎದುರಿಗೆ ಬಂಡೆ ಎದ್ದು ನಿಂತ ರೀತಿಯನ್ನು ನೋಡಿದವರು ಸುಳ್ಳು ಎನ್ನಲಾರರು. ಮೊದಲು ಮನಸ್ಸಿನಲ್ಲಿ ಚಿತ್ರವನ್ನು ಕಂಡುಕೊಂಡು ಆಮೇಲೆ ಅದನ್ನು ಯಂತ್ರದಿಂದ ಪಡೆಯುವ ಈ ಕ್ರಮವೇ ಮುಂದೆ ಅವನು ಫ್ರೆಡ್ ಆರ್ಚರ್ ಜೊತೆ ರೂಪಿಸಿದ ಜೋನ್ ಸಿಸ್ಟಮ್ ಎಂಬ ಪದ್ಧತಿಗೆ ಬುನಾದಿಯಾಯಿತು. ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದು, ಯಾವುದು ಎಲ್ಲಿ ಬೀಳಬೇಕೆಂದು ಮೊದಲೇ ನಿಶ್ಚಯಿಸುವ ಲೆಕ್ಕಾಚಾರ ಅದು. ಎಳವೆಯಲ್ಲಿ ಪಿಯಾನೊ ಕಲಿತಿದ್ದ ಅವನು ನೆಗೆಟಿವನ್ನು ಸ್ವರಲಿಪಿಗೂ ಮುದ್ರಣವನ್ನು ಕಛೇರಿಗೂ ಹೋಲಿಸುತ್ತಿದ್ದ. ಒಂದೇ ನೆಗೆಟಿವಿನಿಂದ ಬೇರೆಬೇರೆ ದಶಕಗಳಲ್ಲಿ ತೆಗೆದ ಮುದ್ರಣಗಳು ಬೇರೆಬೇರೆ ಮನಸ್ಥಿತಿಯಲ್ಲಿ ಇರುವುದು ಇದಕ್ಕೇ.

ಹಾಗಿದ್ದರೆ ಆಕಾಶವನ್ನು ಕಪ್ಪು ಮಾಡಿದ್ದು ಸರಿ, ಅಕ್ಷರಗಳನ್ನು ಕಪ್ಪು ಮಾಡಿದ್ದು ತಪ್ಪು ಎಂದು ಹೇಗೆ ಹೇಳುವುದು? ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಆಕಾಶವನ್ನು ಕಪ್ಪು ಮಾಡಿದಾಗ ಅವನು ತನ್ನ ಅನುಭವವನ್ನು ಸೇರಿಸಿದ. ಅಕ್ಷರಗಳನ್ನು ಅಳಿಸಿದಾಗ ಬೇರೆಯವರ ಇರವನ್ನು ತೆಗೆದ. ಸೇರಿಸುವುದೂ ತೆಗೆಯುವುದೂ ಒಂದೇ ಪೆನ್ಸಿಲಿನ ಕೆಲಸವಾದರೂ ಒಂದೇ ಅಲ್ಲ. ಮಕ್ಕಳು ಗುಡ್ಡದ ಮೇಲೆ ಬರೆದದ್ದು ಚೆಂದವೇನಲ್ಲ. ನಮ್ಮ ಕೋಟೆಗಳ ಮೇಲೆ ಪ್ರೇಮಿಗಳು ಗೀಚುವುದನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೂ ಆ ಕಣಿವೆಯಲ್ಲಿ ಜನ ಇದ್ದಾರೆ ಎಂದು ಆ ಚಿತ್ರದೊಳಗೆ ಹೇಳುತ್ತಿದ್ದದ್ದು ಆ ಎರಡು ಅಕ್ಷರಗಳು ಮಾತ್ರ.

ಆ ಕಣಿವೆ ಸಾಮಾನ್ಯ ಕಣಿವೆಯಲ್ಲ. ಓವೆನ್ಸ್ ಕಣಿವೆ ಎಂದು ಅದರ ಹೆಸರು. ಅಲ್ಲಿ ಮೊದಲು ಇದ್ದವರು ಪೈಯೂಟ್ ಜನ. ಹಳ್ಳಗಳಿಂದ ಕಾಲುವೆ ತೆಗೆದು, ನೀರು ಹಾಯಿಸಿ ತಮಗೆ ಬೇಕಾದ ಗಡ್ಡೆಗೆಣಸು ಬೆಳೆಸಿಕೊಳ್ಳುತ್ತಿದ್ದವರು. 1863ರಲ್ಲಿ ಸೈನ್ಯ ಅವರಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ಕಾಲ್ನಡಿಗೆಯಲ್ಲಿ ತೆಜಾನ್ ಕೋಟೆಗೆ ಅಟ್ಟಿತು. ಎಷ್ಟೋ ಜನ ಆಮೇಲೆ ತಾವಾಗಿಯೇ ನಡೆದು ವಾಪಸು ಬಂದರು, ತಮ್ಮ ನೆಲದಲ್ಲೇ ಕೂಲಿಗಳಾಗಿ. ಅವರ ಜಾಗಕ್ಕೆ ಬಂದ ಬಿಳಿಯ ರೈತರ ನೀರನ್ನು ದೂರದ ಲಾಸ್ ಏಂಜಲೀಸ್ ನಗರ ಕೊಂಡುಕೊಂಡಿತು. 1913ರಲ್ಲಿ ಕಾಲುವೆ ತೆರೆಯಿತು. ಓವೆನ್ಸ್ ಸರೋವರ ಒಣಗಿ ಧೂಳಿನ ಮೈದಾನವಾಯಿತು. ಸೇಬಿನ ತೋಟಗಳಿದ್ದ ಮಂಜಾನಾರ್ ಎಂಬ ಊರು ಬರಿದಾಯಿತು. ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಸೇಬಿನ ತೋಟವೆಂದೇ ಅರ್ಥ.

ಈ ಖಾಲಿ ಊರಿಗೆ 1942ರಲ್ಲಿ ಮೂರನೆಯ ಜನ ಬಂದರು. ಅಲ್ಲ, ತರಲ್ಪಟ್ಟರು. ಪರ್ಲ್ ಹಾರ್ಬರ್ ದಾಳಿಯ ಬಳಿಕ ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಹೊರಡಿಸಿದ ಆದೇಶದ ಆಧಾರದಲ್ಲಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಮಂಜಾನಾರ್ ಶಿಬಿರದಲ್ಲಿ 10,000ಕ್ಕೂ ಹೆಚ್ಚು ಜನ. ಮುಳ್ಳುತಂತಿ, ಕಾವಲುಗೋಪುರ, ಹಲಗೆಯ ಬಿರುಕಿನಿಂದ ಒಳನುಗ್ಗುವ ಧೂಳು. 1943ರಲ್ಲಿ ಅವರ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು ನಿಮ್ಮ ನಿಷ್ಠೆ ಯಾರಿಗೆ ಎಂದು ಬರೆದುಕೊಡಿ ಎನ್ನಲಾಯಿತು. ಅದು ಎಂಥ ಪ್ರಶ್ನೆ ಎಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ.

ಲೋನ್ ಪೈನ್ ಇರುವುದು ಈ ಶಿಬಿರದಿಂದ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ. ಆಡಮ್ಸ್ ಆ ಚಳಿಗಾಲದಲ್ಲಿ ಅತ್ತ ಬಂದದ್ದೇ ಶಿಬಿರದ ಕೆಲಸಕ್ಕೆ. ಶಿಬಿರದ ನಿರ್ದೇಶಕನಾಗಿದ್ದ ರಾಲ್ಫ್ ಮೆರಿಟ್ ಅವನ ಗೆಳೆಯ. ಅವನ ಕರೆಯ ಮೇಲೆ, ಸಂಬಳವಿಲ್ಲದೆ, 1943ರಿಂದ ಹಲವು ಸಲ ಬಂದು ಆಡಮ್ಸ್ ಅಲ್ಲಿನ ಜನರ ಫೋಟೊ ತೆಗೆದ. ಜಗತ್ತು ಚೂರಾಗುತ್ತಿರುವಾಗ ಈತ ಬಂಡೆ ತೆಗೆಯುತ್ತಾನಲ್ಲ ಎಂದು ಕಾರ್ಟಿಯೆ ಬ್ರೆಸಾನ್‌ನಂಥವರು ಆಡಿದ ಮಾತಿಗೆ ಇದನ್ನು ಉತ್ತರವೆಂದು ನೋಡಬಹುದು. ಯುದ್ಧ ನಡೆಯುತ್ತಿರುವಾಗಲೇ, 1944ರಲ್ಲೇ, ಇವರು ನಮ್ಮವರು, ಇವರಿಗೆ ಅನ್ಯಾಯವಾಗುತ್ತಿದೆ ಎಂದು ಪುಸ್ತಕ ತರುವುದಕ್ಕೆ ಧೈರ್ಯ ಬೇಕು. ಆಡಮ್ಸ್‌ಗೆ ಅದು ಇತ್ತು. ನೆಗೆಟಿವ್‌ಗಳನ್ನು 1965ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಉಚಿತವಾಗಿ ಕೊಟ್ಟ. ಇವತ್ತು ಯಾರು ಬೇಕಾದರೂ ಅವನ್ನು ನೋಡಬಹುದು.

ಆದರೆ ಆ ಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋದಂತೆ ನನಗೆ ಏನೋ ಇರುಸುಮುರುಸು. ಎಲ್ಲ ಮುಖಗಳೂ ನಗುತ್ತವೆ, ಇಲ್ಲವೇ ದೃಢವಾಗಿ ದಿಟ್ಟಿಸುತ್ತವೆ. ನರ್ಸ್, ರೈತ, ಶಾಲಾ ಬಾಲಕಿ, ಸೈನಿಕ. ಮುಖದ ಮೇಲೆ ಹತ್ತಿರದಿಂದ ಬಿದ್ದ ನಿಚ್ಚಳ ಬೆಳಕು. ಮುಳ್ಳುತಂತಿ, ಕಾವಲುಗೋಪುರ, ಬಂದೂಕಿನ ಪಹರೆಯನ್ನು ತೆಗೆಯಬಾರದೆಂಬ ಕಟ್ಟಪ್ಪಣೆ ಇತ್ತು, ನಿಜ. ಆದರೆ ಅಪ್ಪಣೆಯೊಂದೇ ಕಾರಣವಲ್ಲ. ಅವನು ಬೆಟ್ಟವನ್ನು ತೆಗೆದಂತೆಯೇ ಮುಖವನ್ನೂ ತೆಗೆಯುತ್ತಾನೆ: ಕುಂದಿಲ್ಲದಂತೆ, ಎತ್ತರಿಸಿ, ಕಾಲದಿಂದ ಹೊರಗಿಟ್ಟು. ಈ ಶಿಬಿರದಲ್ಲಿ 1942ರ ಡಿಸೆಂಬರಿನಲ್ಲಿ ಗಲಭೆಯಾಗಿ ಮಿಲಿಟರಿ ಪೊಲೀಸರ ಗುಂಡಿಗೆ ಇಬ್ಬರು ಸತ್ತಿದ್ದರೆಂಬುದು ಈ ಮುಖಗಳಿಂದ ಗೊತ್ತಾಗುವುದೇ ಇಲ್ಲ. ಅವನಿಗಿಂತ ಮೊದಲು, 1942ರಲ್ಲಿ, ಇಲ್ಲಿಗೆ ಬಂದ ಡೊರೊಥಿಯಾ ಲ್ಯಾಂಗ್ ತೆಗೆದ ಚಿತ್ರಗಳಲ್ಲಿ ಜನ ಸಾಲುನಿಂತು ಸುಸ್ತಾಗಿರುತ್ತಾರೆ, ಗಾಳಿಗೆ ಧೂಳೇಳುತ್ತಿರುತ್ತದೆ. ಸೇನೆ ಆಕೆಯ ಚಿತ್ರಗಳನ್ನು ಯುದ್ಧ ಮುಗಿಯುವವರೆಗೆ ಹೊರಗೆ ಬಿಡಲಿಲ್ಲ. ಆಡಮ್ಸ್‌ನ ಪುಸ್ತಕ ಹೊರಬಂತು. ಯಾವ ಚಿತ್ರವನ್ನು ಪ್ರಭುತ್ವ ಬಚ್ಚಿಟ್ಟಿತು, ಯಾವುದನ್ನು ಬಿಟ್ಟಿತು ಎಂಬುದೂ ಒಂದು ಬಗೆಯ ವಿಮರ್ಶೆಯೇ.

ಆಡಮ್ಸ್ ಆ ಪುಸ್ತಕದಲ್ಲಿ ಒಂದು ಮಾತು ಹೇಳುತ್ತಾನೆ. ಈ ಮರುಭೂಮಿ ಮತ್ತು ಸುತ್ತಲಿನ ಉನ್ನತ ಪರ್ವತಗಳ ಭವ್ಯತೆ ಶಿಬಿರದ ಜನರ ಆತ್ಮಬಲವನ್ನು ಹೆಚ್ಚಿಸಿದೆ ಎಂಬ ಅರ್ಥದ ಮಾತು. ಬೆಟ್ಟದಿಂದ ಬಲ ಪಡೆದವನು ಅವನು. ಅದನ್ನು ಎಲ್ಲರಿಗೂ ಹಂಚುವ ಉದಾರತೆ ಅದರಲ್ಲಿದೆ. ಆದರೆ ತಂತಿಬೇಲಿಯೊಳಗಿನಿಂದ ಕಂಡ ಬೆಟ್ಟವೂ ಹೊರಗಿನಿಂದ ಕಂಡ ಬೆಟ್ಟವೂ ಒಂದೆಯೇ? ಮೌಂಟ್ ವಿಲಿಯಮ್ಸನ್ನಿನ ಅವನ ಚಿತ್ರವನ್ನು ನೋಡಿ. ದಿಗಂತದವರೆಗೂ ಚೆಲ್ಲಿದ ದುಂಡು ಬಂಡೆಗಳು, ಅದರಾಚೆ ಮೋಡ ಸೀಳಿ ಇಳಿಯುವ ಬೆಳಕು. ಸೃಷ್ಟಿಯ ಮೊದಲ ದಿನದಂತಿದೆ. 1955ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ ಮಾನವ ಕುಟುಂಬ ಎಂಬ ಹೆಸರಿನ ಭಾರಿ ಪ್ರದರ್ಶನದಲ್ಲಿ ಇದನ್ನು ದೊಡ್ಡದಾಗಿ ಹಿಗ್ಗಿಸಿ ತೂಗುಹಾಕಿದ್ದರು. ಚಿತ್ರದ ಪೂರ್ತಿ ಹೆಸರಿನಲ್ಲಿ ಮಂಜಾನಾರಿನಿಂದ ಎಂಬ ಮಾತಿದೆ. ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಿದೆ. ಶಿಬಿರ ಇದ್ದದ್ದು ಅವನ ಬೆನ್ನ ಹಿಂದೆ.

ಮಂಜಾನಾರಿನ ಇನ್ನೊಬ್ಬ ಛಾಯಾಗ್ರಾಹಕನನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಟೊಯೊ ಮಿಯಾಟಾಕೆ. ಲಾಸ್ ಏಂಜಲೀಸಿನ ಜಪಾನಿ ಪೇಟೆಯಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದವನು. ನಮ್ಮ ಮಾಮುವಿನ ಕುಲದವನು ಎನ್ನಿ. ಜಪಾನಿಯರು ಕ್ಯಾಮೆರಾ ಇಟ್ಟುಕೊಳ್ಳುವಂತಿರಲಿಲ್ಲ. ಇವನು ಸಾಮಾನಿನ ನಡುವೆ ಒಂದು ಲೆನ್ಸನ್ನೂ ಫಿಲ್ಮ್ ಹೋಲ್ಡರನ್ನೂ ಬಚ್ಚಿಟ್ಟು ತಂದ. ಶಿಬಿರದ ಬಡಗಿಯೊಬ್ಬನಿಂದ ಮರದ ಡಬ್ಬಿ ಮಾಡಿಸಿ ಅದಕ್ಕೆ ಲೆನ್ಸ್ ಕೂರಿಸಿದ. ಆಮೇಲೆ ವಿಷಯ ಬಯಲಾಯಿತು. ಆದರೆ ನಿರ್ದೇಶಕ ಕಣ್ಣುಮುಚ್ಚಿಕೊಂಡು ಫೋಟೊ ತೆಗೆಯಲು ಬಿಟ್ಟ. ಮೊದಮೊದಲು ಒಂದು ಷರತ್ತಿನೊಂದಿಗೆ. ಕ್ಯಾಮೆರಾ ಹೂಡುವುದು, ಬೆಳಕು ನೋಡುವುದು, ಜನರನ್ನು ನಿಲ್ಲಿಸುವುದು ಎಲ್ಲ ಮಿಯಾಟಾಕೆ. ಬಟನ್ ಒತ್ತುವುದಕ್ಕೆ ಮಾತ್ರ ಒಬ್ಬ ಬಿಳಿಯ ಬೇಕು! ಈ ಷರತ್ತು ಬಹುಕಾಲ ಬಾಳಲಿಲ್ಲ. ಅವನ ಒಂದು ಚಿತ್ರದಲ್ಲಿ ಮೂವರು ಹುಡುಗರು ಮುಳ್ಳುತಂತಿಯ ಹತ್ತಿರ ನಿಂತು ಆಚೆ ನೋಡುತ್ತಿದ್ದಾರೆ. ಒಬ್ಬನ ಕೈ ತಂತಿಯ ಮೇಲಿದೆ. ಹಿಂದೆ ಕಾವಲುಗೋಪುರ. ಆಡಮ್ಸ್ ಬೆಟ್ಟಕ್ಕೆ ಕೊಟ್ಟ ಕಾಳಜಿಯಷ್ಟು ತಾಂತ್ರಿಕ ಸೊಬಗು ಇದರಲ್ಲಿಲ್ಲ. ಆದರೆ ಒಮ್ಮೆ ಇದನ್ನು ಕಂಡ ಮೇಲೆ ವಿಲಿಯಮ್ಸನ್ ಶಿಖರದ ಬೆಳಕು ಮೊದಲಿನಂತೆ ಕಾಣುವುದಿಲ್ಲ.

ಇದು ಆಡಮ್ಸ್ ಒಬ್ಬನ ಹವ್ಯಾಸವಲ್ಲ ಎಂಬುದು ಮುಖ್ಯ. ಸಿಯೆರಾವನ್ನು ಖಾಲಿಯಾಗಿ ನೋಡುವ ಕಣ್ಣು ಅವನಿಗಿಂತ ಹಳೆಯದು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಶಸ್ತ್ರಧಾರಿ ಪಡೆ ಯೊಸೆಮಿಟಿಗೆ ನುಗ್ಗಿದ್ದು ಅಲ್ಲಿನ ಮೂಲನಿವಾಸಿಗಳನ್ನು ಹೊರದೂಡಲು. ಅವರ ನಾಯಕ ತೆನಾಯ. ಅವನನ್ನು ಸೆರೆಹಿಡಿದ ಸರೋವರಕ್ಕೆ ಅವನದೇ ಹೆಸರಿಡುತ್ತೇವೆ ಎಂದು ಪಡೆಯವರು ಹೇಳಿದಾಗ, ಅದಕ್ಕೆ ಆಗಲೇ ಹೆಸರಿದೆಯಲ್ಲ ಎಂದನಂತೆ. ಹತ್ತು ವರ್ಷದ ನಂತರ, 1861ರಲ್ಲಿ, ಕಾರ್ಲ್‌ಟನ್ ವಾಟ್ಕಿನ್ಸ್ ಎಂಬವನು ಹೇಸರಗತ್ತೆಗಳ ಮೇಲೆ ದೈತ್ಯ ಕ್ಯಾಮೆರಾ ಮತ್ತು ಗಾಜಿನ ಹಲಗೆಗಳನ್ನು ಹೇರಿಕೊಂಡು ಅದೇ ಕಣಿವೆಗೆ ಬಂದ. ಅವನ ಚಿತ್ರಗಳಲ್ಲಿ ಕನ್ನಡಿಯಂಥ ನೀರು, ನಿಶ್ಚಲ ಮರ. ಯೊಸೆಮಿಟಿಯನ್ನು ರಕ್ಷಿಸಲು ಲಿಂಕನ್ 1864ರಲ್ಲಿ ಕಾಯಿದೆಗೆ ಸಹಿ ಹಾಕುವುದಕ್ಕೆ ಪೂರ್ವಭಾವಿಯಾಗಿ ಪೂರ್ವ ತೀರದ ಜನಕ್ಕೆ ಆ ಕಣಿವೆಯನ್ನು ತೋರಿಸಿಕೊಟ್ಟವು ಆ ಚಿತ್ರಗಳೇ. ಆಡಮ್ಸ್ ಇದೇ ದಾರಿಯಲ್ಲಿ ನಡೆದ. 1938ರ ಅವನ ಸಿಯೆರಾ ನೆವಾಡ ಪುಸ್ತಕ ವಾಷಿಂಗ್ಟನ್ನಿಗೆ ತಲುಪಿ, 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವಾಗಲು ನೆರವಾಯಿತು. ಒಂದು ಫೋಟೊ ಒಂದು ಬೆಟ್ಟವನ್ನು ಅಣೆಕಟ್ಟಿನಿಂದ, ಗರಗಸದಿಂದ ಉಳಿಸಬಲ್ಲದು ಎನ್ನುವುದು ಸಣ್ಣ ಸಂಗತಿಯಲ್ಲ. ಗಣಿಗೆ ಬಲಿಯಾದ ಗುಡ್ಡಗಳನ್ನು ಕಂಡಿರುವ ನಾವು ಇದನ್ನು ಹಗುರವಾಗಿ ಆಡಬಾರದು.

ವಿಪರ್ಯಾಸವೆಂದರೆ ವಾಟ್ಕಿನ್ಸ್ ಚಿತ್ರಗಳೇ ಬೇರೊಂದು ಸಾಕ್ಷ್ಯ ಹೇಳುತ್ತವೆ. ಅವುಗಳಲ್ಲಿ ಕಣಿವೆಯ ತಳ ವಿಶಾಲವಾದ ಹುಲ್ಲುಗಾವಲು, ನಡುನಡುವೆ ಓಕ್ ಮರಗಳು. ನಂತರದ ಕಾಲದ ಚಿತ್ರಗಳಲ್ಲಿ ಅದೇ ಜಾಗ ಪೈನ್, ಸೀಡರ್‌ಗಳಿಂದ ಗಿಜಿಗುಡುತ್ತದೆ. ಮೂಲನಿವಾಸಿಗಳು ವರ್ಷವರ್ಷ ತೆಳುವಾಗಿ ಬೆಂಕಿ ಹಾಕಿ ಪೊದೆ ಸುಟ್ಟು, ಹುಲ್ಲು ಉಳಿಸಿ, ತಮ್ಮ ಆಹಾರವಾದ ಓಕ್ ಕಾಯಿಗಾಗಿ ಆ ಮರಗಳನ್ನು ಕಾಪಾಡಿಕೊಂಡಿದ್ದರು. ಅವರನ್ನು ಅಟ್ಟಿ ಬೆಂಕಿ ನಿಲ್ಲಿಸಿದ ಮೇಲೆ ಕಾಡು ಮುಚ್ಚಿಕೊಂಡಿತು. ಮನುಷ್ಯನ ಕೈ ಸೋಕದ್ದೆಂದು ಜಗತ್ತು ಕೊಂಡಾಡಿದ ಚೆಲುವು ಮನುಷ್ಯರು ಸಾಕಿದ ತೋಟವಾಗಿತ್ತು. ಆ ಜನರ ಕುಡಿಗಳು ಆಡಮ್ಸ್ ಕಾಲದಲ್ಲೂ ಕಣಿವೆಯಲ್ಲೇ ಇದ್ದರು, ಪಾರ್ಕಿನಲ್ಲಿ ದುಡಿಯುತ್ತಾ. ಆಡಮ್ಸ್ ಮದುವೆಯಾದ ವರ್ಜಿನಿಯಾ ಬೆಸ್ಟ್‌ಳ ತಂದೆಯ ಸ್ಟುಡಿಯೊ ಅದೇ ಕಣಿವೆಯಲ್ಲಿತ್ತು. ಅವರ ಹಳ್ಳಿಯ ಉಳಿದ ಮನೆಗಳನ್ನು ಕೊನೆಗೆ 1969ರಲ್ಲಿ ಬೆಂಕಿ ಆರಿಸುವ ತರಬೇತಿಗೆಂದು ಸುಟ್ಟರು.

ಮನುಷ್ಯ ಬಂದುಹೋಗುವ ಅತಿಥಿ ಮಾತ್ರ, ನೆಲೆಸುವವನಲ್ಲ ಎಂಬುದನ್ನೇ 1964ರ ಅಮೆರಿಕದ ವನ್ಯಪ್ರದೇಶ ಕಾಯಿದೆ ವನ್ಯದ ಲಕ್ಷಣವೆಂದು ಬರೆದುಕೊಂಡಿತು. ಆ ವಾಕ್ಯಕ್ಕೆ ಬೇಕಾದ ಚಿತ್ರಗಳನ್ನು ಆಡಮ್ಸ್ ಮೊದಲೇ ತೆಗೆದಿಟ್ಟಿದ್ದ. ಈ ಕಲ್ಪನೆಯನ್ನು ಬಡದೇಶಗಳಿಗೆ ರಫ್ತು ಮಾಡಿದರೆ ಏನಾಗುತ್ತದೆಂದು 1989ರಲ್ಲಿ ರಾಮಚಂದ್ರ ಗುಹಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಬರೆದ ಪ್ರಬಂಧ ಅಮೆರಿಕದಲ್ಲೇ ದೊಡ್ಡ ಚರ್ಚೆ ಎಬ್ಬಿಸಿತು. ನಮಗೆ ಅದು ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. 1990ರ ದಶಕದಲ್ಲಿ ನಾಗರಹೊಳೆಯ ಜೇನುಕುರುಬರಿಗೆ ಕಾಡು ಬಿಡಿ ಎನ್ನುತ್ತಿದ್ದ ಹೊತ್ತಿಗೇ ಅದೇ ಕಾಡಿನೊಳಗೆ ಪ್ರವಾಸಿಗರಿಗಾಗಿ ಐಷಾರಾಮಿ ಹೋಟೆಲು ಏಳುತ್ತಿತ್ತು. ಆದಿವಾಸಿಗಳು ಹೋರಾಡಿ 1997ರಲ್ಲಿ ಹೈಕೋರ್ಟಿನಲ್ಲಿ ಅದನ್ನು ನಿಲ್ಲಿಸಿದರು.

ಇಷ್ಟೆಲ್ಲ ಬರೆದ ಮೇಲೂ ಲೋನ್ ಪೈನಿನ ಸೂರ್ಯೋದಯವನ್ನು ನಾನು ಇಷ್ಟಪಡುವುದನ್ನು ಬಿಟ್ಟಿಲ್ಲ. ಆ ಕಪ್ಪು ಗುಡ್ಡದ ಪಟ್ಟಿ ಇಲ್ಲದಿದ್ದರೆ ಮೇಲಿನ ಹಿಮ ಅಷ್ಟು ದೂರದ್ದೆನಿಸುತ್ತಿರಲಿಲ್ಲ. ಕುದುರೆ ಇಲ್ಲದಿದ್ದರೆ ಹಿಮಕ್ಕೆ ಅಷ್ಟು ಎತ್ತರ ಬರುತ್ತಿರಲಿಲ್ಲ. ಅಷ್ಟು ಬಲ್ಲ ಕಣ್ಣಿಗೆ ಆ ಎರಡು ಅಕ್ಷರಗಳನ್ನೂ ತಾಳಿಕೊಂಡು ಚಿತ್ರ ಕಟ್ಟುವುದು ಸಾಧ್ಯವಿತ್ತು ಎಂದೇ ನನ್ನ ತಕರಾರು. ಮಂಜಾನಾರಿನಲ್ಲಿ ಅವನು ಒಮ್ಮೆ ಅಂಥದನ್ನು ಮಾಡಿದ್ದಾನೆ ಕೂಡ. ಶಿಬಿರದ ಸ್ಮಶಾನದಲ್ಲಿ ಕೈದಿಗಳೇ 1943ರಲ್ಲಿ ಕಟ್ಟಿದ ಬಿಳಿಯ ಸ್ಮಾರಕಸ್ತಂಭವಿದೆ. ಅದರ ಮೇಲೆ ಆತ್ಮಗಳನ್ನು ಸಂತೈಸುವ ಗೋಪುರ ಎಂಬರ್ಥದ ಜಪಾನಿ ಲಿಪಿ. ಆಡಮ್ಸ್ ಆ ಸ್ತಂಭವನ್ನು ತೆಗೆದ. ಹಿಂದೆ ಸಿಯೆರಾ ನಿಂತಿದೆ, ನಮ್ಮ ಸ್ಟುಡಿಯೊದ ಪರದೆಯಂತೆ. ಮುಂದಿನ ಕಪ್ಪು ಅಕ್ಷರಗಳನ್ನು ಅವನು ಮುಟ್ಟಿಲ್ಲ.